ನಾಲ್ವರು ಸಿದೇರಿಸ್, ಒಂದು ಹಸಿರು ಬಟನ್

ಅರ್ಗೀರಿಸ್ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಕಥೆ ಹೇಳುತ್ತಾ ಹೇಳುತ್ತಾ ನನಗೆ ಸಿಟ್ಟು ಬಂದು ಇದು ಮರೆತುಹೋಗಬಹುದು. ನಮ್ಮ ಅನೆಮೂಸಾ ದ್ವೀಪದ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವವರು ಮೂರೇ ಜನ. ವರ್ಷಕ್ಕೊಬ್ಬರಂತೆ ಬಂದು, ಸಮುದ್ರ ನೋಡಿ ನೋಡಿ ಬೇಸರವಾಗಿ, ಹೊರಟುಹೋಗುವ ಡಾಕ್ಟರು ಒಬ್ಬರು. ಇಪ್ಪತ್ತೆರಡು ವರ್ಷದಿಂದ ಊರಿನವರ ತೋಳಿಗೆಲ್ಲ ಸೂಜಿ ಚುಚ್ಚುತ್ತಾ ಬಂದ ನರ್ಸ್ ಅಂಥೂಲಾ, ಅಂದರೆ ನಾನು, ಇನ್ನೊಬ್ಬಳು. ಮೂರನೆಯವನೇ ಗುಮಾಸ್ತ ಅರ್ಗೀರಿಸ್. ರೋಗಿಗಳ ಹೆಸರು ಬರೆದುಕೊಳ್ಳುವುದು, ಚೀಟಿ ಕೊಡುವುದು, "ಡಾಕ್ಟ್ರು ಕಾಫಿ ಕುಡೀತಿದಾರೆ, ಕೂತ್ಕೊಳ್ಳಿ" ಅನ್ನುವುದು ಅವನ ಕೆಲಸ. ಐವತ್ತಮೂರು ವರ್ಷದ ಈ ಮನುಷ್ಯ ಯಾರಿಗೂ ಕೆಡುಕು ಬಯಸಿದವನಲ್ಲ. ಅವನಿಂದ ಆದ ಕೆಡುಕೆಲ್ಲ ಒಳ್ಳೆಯದು ಮಾಡಲು ಹೋಗಿ ಆದದ್ದು.

ನಾವು ಇಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡಿದರೆ ಅದರ ವರದಿ ಸಮುದ್ರ ದಾಟಿ ಪಕ್ಕದ ದೊಡ್ಡ ದ್ವೀಪದ ಆಸ್ಪತ್ರೆಗೆ ಹೋಗಬೇಕು. ಆದರೆ ನಮ್ಮ ಕಂಪ್ಯೂಟರಿನ ಮಾತು ಅವರದಕ್ಕೆ ತಿಳಿಯುವುದಿಲ್ಲ, ಅವರದರ ಮಾತು ನಮ್ಮದಕ್ಕೆ ತಿಳಿಯುವುದಿಲ್ಲ. ನಡುವೆ ಒಂದು ಸಾಫ್ಟ್‌ವೇರ್ ಕೂತು ಎರಡನ್ನೂ ಮಾತಾಡಿಸಬೇಕು. ಅದರಲ್ಲಿ ಸಣ್ಣದೊಂದು ಬದಲಾವಣೆ ಬೇಕಾದರೂ ಅಥೆನ್ಸಿನಿಂದ ಪ್ರೋಗ್ರಾಮರ್ ಹಡಗು ಹತ್ತಿ ಬರಬೇಕಿತ್ತು. ಗಾಳಿ ಜೋರಾದರೆ ಹಡಗು ಬಿಡುವುದಿಲ್ಲ, ಮತ್ತು ನಮ್ಮಲ್ಲಿ ಗಾಳಿ ಜೋರಿಲ್ಲದ ದಿನ ಅಂದರೆ ಅದೇ ಒಂದು ಹಬ್ಬ. ಹೋದ ಚಳಿಗಾಲದಲ್ಲಿ ಒಬ್ಬ ಪ್ರೋಗ್ರಾಮರ್ ಅರ್ಧ ಗಂಟೆಯ ಕೆಲಸಕ್ಕೆಂದು ಬಂದು, ಒಂಬತ್ತು ದಿನ ಸಿಕ್ಕಿಹಾಕಿಕೊಂಡು, ಅಂಚೆಯವನ ಮಗಳ ಜೊತೆ ನಿಶ್ಚಿತಾರ್ಥ ಮುಗಿಸಿಕೊಂಡೇ ವಾಪಸು ಹೋದ.

ಅದಾದ ಮೇಲೆ ಕಂಪನಿಯವರು ಯೋಚನೆ ಮಾಡಿದರು. ಪ್ರೋಗ್ರಾಮಿಂಗ್ ಬಾರದವರೂ ತಾವೇ ಕೂತು ಹೊಂದಿಸಿಕೊಳ್ಳುವಂಥ ಸಾಫ್ಟ್‌ವೇರ್ ಮಾಡಿದರೆ ಹೇಗೆ? ಎಡಗಡೆ ಒಂದಷ್ಟು ಪೆಟ್ಟಿಗೆ, ಬಲಗಡೆ ಒಂದಷ್ಟು ಪೆಟ್ಟಿಗೆ, ನಡುವೆ ಗೆರೆ ಎಳೆದರೆ ಮುಗಿಯಿತು. ಅದನ್ನು ಮಾಡಿದ ಮೇಲೆ ಯಾರಾದರೂ ಬಳಸಿ ನೋಡಬೇಕಲ್ಲ. "ಕಂಪ್ಯೂಟರಿನ ಗಂಧವೇ ಇಲ್ಲದ ಒಬ್ಬ ಸಿಬ್ಬಂದಿಯನ್ನು ದಯವಿಟ್ಟು ಸೂಚಿಸಿ" ಎಂದು ನಮ್ಮ ಡಾಕ್ಟರಿಗೆ ಕಾಗದ ಬಂತು. ಡಾಕ್ಟರು ಕಾಗದ ಓದಿ ಮುಗಿಸುವ ಮೊದಲೇ ಅವರ ಕಣ್ಣು ಅರ್ಗೀರಿಸನ ಮೇಜಿನ ಕಡೆ ಹೋಗಿತ್ತು.

ಅರ್ಗೀರಿಸನಿಗೆ ಬಂದ ಉತ್ತರದಲ್ಲಿ "ತಾವು ಆಯ್ಕೆಯಾಗಿದ್ದೀರಿ" ಎಂಬ ಸಾಲು ದಪ್ಪ ಅಕ್ಷರದಲ್ಲಿತ್ತು. ಅವನು ಅಷ್ಟನ್ನೇ ಓದಿದ. ಸಂಜೆಯ ಹೊತ್ತಿಗೆ ಬಂದರಿನ ಕಾಫಿ ಅಂಗಡಿಗೆಲ್ಲ ಸುದ್ದಿ ಹರಡಿತು.

"ಇಡೀ ದೇಶದಲ್ಲಿ ಹುಡುಕಿ ಹುಡುಕಿ ನನ್ನನ್ನೇ ಯಾಕೆ ಆರಿಸಿದ್ರು ಅಂತ ನನಗೂ ಗೊತ್ತಿಲ್ಲ" ಎಂದ ಅರ್ಗೀರಿಸ್, ಗೊತ್ತಿರುವವನ ಮುಖ ಮಾಡಿಕೊಂಡು.

"ಆಯ್ತು ಇಂಜಿನಿಯರ್ ಸಾಹೇಬ್ರೇ, ನಮ್ಮನೆ ಟಿವಿ ಎರಡು ವಾರದಿಂದ ಬರೀ ಹಸಿರಾಗಿ ಕಾಣ್ತಿದೆ, ಒಂಚೂರು ನೋಡಿ" ಎಂದರು ಯಾರೋ. ಅವನು ಹೋಗಿ ನೋಡಿದ. ಆಮೇಲೆ ಆ ಟಿವಿ ಯಾವ ಬಣ್ಣವನ್ನೂ ತೋರಿಸಲಿಲ್ಲ.

ಕಂಪನಿಯವರು ಅಥೆನ್ಸಿನಿಂದ ಕಳಿಸಿದ ಹುಡುಗಿಯ ಹೆಸರು ಮಿರ್ತೊ. ಚುರುಕಾದವಳು, ಕೈಯಲ್ಲಿ ಒಂದು ನೋಟ್‌ಬುಕ್. ಅವಳು ಅರ್ಗೀರಿಸನ ಹಿಂದೆ ಕುರ್ಚಿ ಹಾಕಿಕೊಂಡು ಕೂತು, "ನೀವು ಕೆಲಸ ಮಾಡಿ. ನಾನು ಏನೂ ಸಹಾಯ ಮಾಡಲ್ಲ. ಮನಸ್ಸಿಗೆ ಬಂದದ್ದನ್ನ ಬಂದಹಾಗೆ ಜೋರಾಗಿ ಹೇಳ್ತಾ ಹೋಗಿ, ಸಾಕು" ಅಂದಳು. ಎಲ್ಲಿ ತಡವರಿಸುತ್ತಾನೆ ಅಂತ ನೋಡುವುದೇ ಅವಳ ಕೆಲಸ. ಇವನು ಅದನ್ನು ಪರೀಕ್ಷೆ ಅಂದುಕೊಂಡ.

"ಇದು ನೀಲಿ ಪೆಟ್ಟಿಗೆ" ಎಂದು ಶುರು ಮಾಡಿದ. "ಚೆನ್ನಾಗಿದೆ. ಇದರಲ್ಲಿ 'ಹೆಸರು' ಅಂತಿದೆ. ಆ ಕಡೇನೂ 'ಹೆಸರು' ಇದೆ. ಎಳೆದೆ. ಆಹಾ! ಹೆಂಡ್ತಿ ಫ್ರೋಸೊ ಮನೆಗೆ ಬರ್ತಾ ಈರುಳ್ಳಿ ತಾ ಅಂದಿದ್ಲು. ಇದು 'ಮನೆತನ'. ಎಳೆದೆ. ಕುರ್ಚಿ ಕಾಲು ಅಲ್ಲಾಡ್ತಿದೆ. ಅಂಥೂಲಕ್ಕ ನನ್ನನ್ನೇ ನೋಡ್ತಿದಾಳೆ, ಅವಳಿಗೆ ಹೊಟ್ಟೆಕಿಚ್ಚು."

ಮಿರ್ತೊ ಇದೆಲ್ಲವನ್ನೂ ಬರೆದುಕೊಂಡಳು. ಹೊಟ್ಟೆಕಿಚ್ಚನ್ನೂ ಬರೆದುಕೊಂಡಳು, ನಾನು ನೋಡಿದೆ.

ಹನ್ನೊಂದು ಗಂಟೆಯ ಹೊತ್ತಿಗೆ ಬಂದರಿನಿಂದ ಕೂಗು ಬಂತು. ಗಾಳಿ ಏರುತ್ತಿದೆ, ಸಂಜೆಯ ಹಡಗು ಇಲ್ಲ, ಹೋಗುವವರು ಈಗಲೇ ಹತ್ತಬೇಕು. ಹಿಂದಿನ ಪ್ರೋಗ್ರಾಮರನ ನಿಶ್ಚಿತಾರ್ಥದ ಕಥೆ ಮಿರ್ತೊಗೂ ಗೊತ್ತಿತ್ತು ಅಂತ ಕಾಣುತ್ತದೆ, ದಡಬಡ ಎದ್ದಳು. "ಕೊನೇ ಹಂತ ಒಂದು ಉಳಿದಿದೆ, ಅದನ್ನ ಮುಗಿಸಿ 'ಉಳಿಸು' ಅಂತ ಒತ್ತಿ. ಇದು ಬರೀ ಅಭ್ಯಾಸ. ನಾನು ಊರಿಂದ ನೋಡಿ ಸರಿಪಡಿಸ್ತೀನಿ" ಎಂದು ಬ್ಯಾಗು ಹೆಗಲಿಗೇರಿಸಿಕೊಂಡು ಓಡಿದಳು.

ಕೊನೆಯ ಹಂತದಲ್ಲಿ ಸಾಫ್ಟ್‌ವೇರ್ ಒಂದು ಪ್ರಶ್ನೆ ಕೇಳಿತ್ತು: ರೋಗಿಯನ್ನು ಯಾವುದರಿಂದ ಗುರುತಿಸಬೇಕು? ಹೆಸರು, ಮನೆತನ, ತಂದೆಯ ಹೆಸರು, ಹುಟ್ಟಿದ ದಿನ, ಸರ್ಕಾರ ಕೊಟ್ಟ ನಂಬರು. ಅರ್ಗೀರಿಸ್ ಹೆಸರಿಗೂ ಮನೆತನಕ್ಕೂ ಗುರುತು ಹಾಕಿ ಕೈ ಬಿಟ್ಟ.

"ಉಳಿದದ್ದು?" ಎಂದೆ ನಾನು.

"ಮನುಷ್ಯನನ್ನ ನಂಬರಿಂದ ಗುರುತಿಸೋಕೆ ಇದೇನು ಜೈಲಾ ಅಂಥೂಲಕ್ಕ? ಇನ್ನು ಅಪ್ಪನ ಹೆಸರು, ಹುಟ್ಟಿದ ದಿನ ಇವೆಲ್ಲ ಎಳೆದ್ರೆ ಗೆರೆಗೆ ಗೆರೆ ಸುತ್ತಿಕೊಂಡು ಅಸಹ್ಯವಾಗಿ ಕಾಣುತ್ತೆ. ನೋಡು, ಈಗ ಎಷ್ಟು ನೀಟಾಗಿದೆ!"

ಆಗ ಪರದೆಯ ಮೇಲೆ ಹಳದಿ ಪಟ್ಟಿಯೊಂದು ಮೂಡಿತು. "ಅಸ್ಮಿತಾ ಸಮನ್ವಯ ಮಾನದಂಡ ಅಪರ್ಯಾಪ್ತ. ಮುಂದುವರಿಸುವುದೇ?" ಅರ್ಗೀರಿಸ್ ಅದನ್ನು ಎರಡು ಸಲ ಓದಿ, ಅರ್ಥವಾದವನ ಹಾಗೆ ತಲೆದೂಗಿ, "ಮುಂದುವರಿಸು" ಒತ್ತಿದ. ನನಗೂ ಅರ್ಥವಾಗಿರಲಿಲ್ಲ, ಆದರೆ ನಾನು ಹಾಗಂತ ಹೇಳಲಿಲ್ಲ. ಕೊನೆಯಲ್ಲಿ ಎರಡು ಬಟನ್ ಬಂದವು. ಬೂದು ಬಣ್ಣದ್ದು "ಉಳಿಸು", ಹಸಿರು ಬಣ್ಣದ್ದು "ಚಾಲನೆ". ನಮ್ಮ ದ್ವೀಪದಲ್ಲಿ ಸಿಗ್ನಲ್ ದೀಪ ಒಂದೂ ಇಲ್ಲ. ಅರ್ಗೀರಿಸ್ ಪಿರೇಯಸ್ ಬಂದರಿನಲ್ಲಿ ನೋಡಿದ್ದ. ಹಸಿರು ಬಂದಮೇಲೂ ನಿಂತರೆ ಹಿಂದಿನವರು ಬೈಯುತ್ತಾರೆ ಅನ್ನುವುದು ಅವನು ಅಲ್ಲಿ ಕಲಿತ ಪಾಠ. ಹಸಿರನ್ನೇ ಒತ್ತಿದ. ಅಭ್ಯಾಸಕ್ಕೆಂದು ಎಳೆದ ಗೆರೆಗಳು ನಿಜವಾಗಿಯೇ ಕೆಲಸ ಶುರುಮಾಡಿದವು.

ಈಗ ಕಾರಾವಾಸ್ ಮನೆಯ ವಿಷಯ ಹೇಳಬೇಕು. ನಮ್ಮಲ್ಲಿ ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರಿಡಬೇಕು, ಅದರಲ್ಲಿ ಚರ್ಚೆಯೇ ಇಲ್ಲ. ಸಿದೇರಿಸ್ ಕಾರಾವಾಸ್ ಅಜ್ಜನಿಗೆ ಎಂಬತ್ತನಾಲ್ಕು ವರ್ಷ, ನಾಲ್ಕು ಗಂಡುಮಕ್ಕಳು. ಮೊದಲ ಮೂವರು ತಮ್ಮ ತಮ್ಮ ಮೊದಲ ಮಗನಿಗೆ ಸಿದೇರಿಸ್ ಅಂತಲೇ ಹೆಸರಿಟ್ಟಿದ್ದರು. ಒಬ್ಬ ಮೀನು ಹಿಡಿಯುವವನು, ಅವನು ಬಲೆ ಸಿದೇರಿಸ್. ಒಬ್ಬ ರೊಟ್ಟಿ ಅಂಗಡಿಯವನು, ಹಿಟ್ಟು ಸಿದೇರಿಸ್. ಇನ್ನೊಬ್ಬ ಹಡಗುಕಟ್ಟೆಯಲ್ಲಿ ಲಾರಿಗಳನ್ನು ಸಾಲು ನಿಲ್ಲಿಸುವವನು, ಸೀಟಿ ಸಿದೇರಿಸ್. ಊರಿನಲ್ಲಿ ಯಾರಿಗೂ ಗೊಂದಲವಿಲ್ಲ. ಅಜ್ಜನಿಗೆ ತಲೆಸುತ್ತು ಬಂದು ಬಿದ್ದ ವಾರವೇ ಇದು ನಡೆದದ್ದು. ಹೆದರಿದ ಮೊಮ್ಮಕ್ಕಳು ಮೂವರೂ "ನಮಗೂ ರಕ್ತಗಿಕ್ತ ನೋಡಿಬಿಡಿ ಅಂಥೂಲಕ್ಕ" ಎಂದು ಅಜ್ಜನ ಜೊತೆಯಲ್ಲೇ ಬಂದು ತೋಳು ಚಾಚಿದ್ದರು. ನಾಲ್ವರ ವರದಿಯೂ ಅರ್ಗೀರಿಸ್ ಎಳೆದ ಗೆರೆಗಳ ಮೇಲೆ ಸಮುದ್ರ ದಾಟಿತು.

ನಾಲ್ಕನೇ ದಿನ ದೊಡ್ಡ ಆಸ್ಪತ್ರೆಯಿಂದ ಉತ್ತರ ಬಂತು. ನಾಲ್ಕು ಕಾಗದ. ನಾಲ್ಕರ ಮೇಲೂ ಸಿದೇರಿಸ್ ಕಾರಾವಾಸ್. ಹಿಂದೆಲ್ಲ ಇಂಥ ಕಾಗದ ಬರಲು ತಿಂಗಳು ಹಿಡಿಯುತ್ತಿತ್ತು. ಅರ್ಗೀರಿಸನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನಾಲ್ಕು ಕಾಗದ, ನಾಲ್ವರು ಸಿದೇರಿಸ್, ಸರಿಹೋಯಿತು ಎಂದು ತಲೆಗೊಂದರಂತೆ ಹಂಚಿಬಂದ.

ಸೀಟಿ ಸಿದೇರಿಸನಿಗೆ ಮೂವತ್ತೊಂದು ವರ್ಷ. ಕಣ್ಣಿನ ಪೊರೆ ತೆಗೆಸಲು ಬರಬೇಕೆಂದು ಅವನಿಗೆ ಬುಲಾವು. ಆಳುದ್ದದ ಈಟಿಮೀನನ್ನು ಒಬ್ಬನೇ ದೋಣಿಗೆ ಎಳೆದುಹಾಕುವ ಬಲೆ ಸಿದೇರಿಸನಿಗೆ, ಬಚ್ಚಲಿನಲ್ಲಿ ಹಿಡಿಕೆ ಹಾಕಿಸಿಕೊಳ್ಳಿ, ಒಬ್ಬರೇ ಮೆಟ್ಟಿಲು ಹತ್ತಬೇಡಿ ಎಂಬ ಸಲಹೆ. ಹಿಟ್ಟು ಸಿದೇರಿಸನಿಗೆ ಒಂದು ಮಾತ್ರೆ ಚೀಟಿ. ಇನ್ನು ಅಜ್ಜ. ನೀರಿನಲ್ಲಿ ಮುಳುಗಿ ಕೆಲಸ ಮಾಡುವ ಪರವಾನಗಿಗೆ ಬಲೆ ಸಿದೇರಿಸ್ ಅರ್ಜಿ ಹಾಕಿದ್ದ. ಅದರ ಉತ್ತರ ಅಜ್ಜನ ಕೈ ಸೇರಿತು.

ಅಜ್ಜ ಅದನ್ನು ಕಾಫಿ ಅಂಗಡಿಯಲ್ಲಿ ಎದ್ದುನಿಂತು ಓದಿಸಿದರು. "ಇನ್ನೊಂದ್ಸಲ ಓದು."

"'ಮೂವತ್ತು ಮೀಟರ್ ಆಳದವರೆಗೆ ಧುಮುಕಲು ದೇಹಸ್ಥಿತಿ ಸಂಪೂರ್ಣ ಯೋಗ್ಯವಾಗಿದೆ.'"

"ಕೇಳಿಸ್ಕೊಂಡ್ರಾ?" ಎಂದರು ಅಜ್ಜ ಸುತ್ತ ನೋಡಿ. "ಇವರೆಲ್ಲ ನನಗೆ ಕೋಲು ಹಿಡ್ಕೋ ಅಂತಾರೆ!"

"ಅಜ್ಜ, ನಾಳೆ ಹೋಗೋಣ್ವಾ ಹಾಗಾದ್ರೆ?"

"ನಾಳೆ ಬೇಡ, ನೀರು ತಣ್ಣಗಿದೆ. ಈಸ್ಟರ್ ಆಗ್ಲಿ."

ಮರುದಿನ ಬೆಳಿಗ್ಗೆ ಆಸ್ಪತ್ರೆಯಿಂದ ಫೋನು. ಎತ್ತಿದವನು ಅರ್ಗೀರಿಸ್. ಆ ಕಡೆ ಯಾರೋ ದೊಡ್ಡ ಅಧಿಕಾರಿಣಿ, ದನಿ ಪಕ್ಕದಲ್ಲಿದ್ದ ನನಗೂ ಕೇಳುತ್ತಿತ್ತು.

"ಸಿದೇರಿಸ್ ಕಾರಾವಾಸ್ ಅನ್ನೋ ನಿಮ್ಮ ರೋಗಿ ಬದುಕಿದಾರೇನ್ರೀ?"

"ಈಗ ತಾನೇ ಕಾಫಿ ಅಂಗಡೀಲಿ ನೋಡ್ದೆ ಮೇಡಂ."

"ಒಂದೇ ದಿನ ನಾಲ್ಕು ಸಲ ರಕ್ತ ಕೊಟ್ಟಿದಾರೆ."

"ಗಟ್ಟಿ ಆಳು ಮೇಡಂ."

"ಅದರಲ್ಲಿ ಮೂರು ಬೇರೆ ಬೇರೆ ಗುಂಪಿನ ರಕ್ತ!"

"ಮೀನು ಜಾಸ್ತಿ ತಿಂತಾರೆ."

"ಒಂದು ವರದೀಲಿ ಮೂವತ್ತೊಂದು ವರ್ಷ, ಇನ್ನೊಂದರಲ್ಲಿ ಎಂಬತ್ತನಾಲ್ಕು."

"ನೋಡಿದ್ರೆ ಗೊತ್ತಾಗಲ್ಲ ಬಿಡಿ."

"ಅಪೆಂಡಿಕ್ಸ್ ಎರಡು ಸಲ ತೆಗೆದಿದೆ ಕಣ್ರೀ!"

ಇಲ್ಲಿ ಅರ್ಗೀರಿಸ್ ತಡೆದ. "ಎರಡಾ?" ಎಂದ. ಅವನ ಕಣ್ಣು ನಿಧಾನವಾಗಿ ನನ್ನ ಕಡೆ ತಿರುಗಿತು. ಮುಖದ ಬಣ್ಣ ಇಳಿಯಿತು. ಅವನಿಗೆ ಹೊಳೆದದ್ದೂ ನನಗೆ ಹೊಳೆದದ್ದೂ ಒಂದೇ ಗಳಿಗೆಯಲ್ಲಿ.

"ಆ ಮಾತ್ರೆ ಚೀಟಿ!" ಎಂದೆ. "ಅದು ಅಜ್ಜಂದು. ರಕ್ತ ತೆಳು ಮಾಡೋ ಮಾತ್ರೆ. ಹಿಟ್ಟು ಸಿದೇರಿಸನಿಗೆ ಕೊಟ್ಟೆಯಲ್ಲೋ!"

ನಾನು ಆ ದಿನ ಓಡಿದ ಹಾಗೆ ಮದುವೆಗೆ ಮುಂಚೆಯೂ ಓಡಿದವಳಲ್ಲ. ಏಪ್ರನ್ ಕಟ್ಟಿಕೊಂಡೇ ಚರ್ಚಿನ ಮೆಟ್ಟಿಲಿಳಿದು, ಮೀನಿನ ಬುಟ್ಟಿಗಳನ್ನು ದಾಟಿ, ರೊಟ್ಟಿ ಅಂಗಡಿಗೆ ನುಗ್ಗಿದೆ. ಹಿಟ್ಟು ಸಿದೇರಿಸ್ ಉದ್ದನೆಯ ಚಾಕುವಿನಿಂದ ರೊಟ್ಟಿ ಕೊಯ್ಯುತ್ತಿದ್ದ. ಪಕ್ಕದಲ್ಲೇ ಮಾತ್ರೆಯ ಡಬ್ಬಿ.

"ಎಷ್ಟು ನುಂಗಿದೆ?"

"ಏನಾಯ್ತು ಅಂಥೂಲಕ್ಕ? ಇನ್ನೂ ಇಲ್ಲ. ನಿನ್ನೆ ಔಷಧಿ ಅಂಗಡಿಯೋರು ರಾತ್ರಿ ಊಟದ ಜೊತೆ ತಗೋ ಅಂದ್ರು. ನಾನು ಎಂಟಕ್ಕೇ ಮಲಗೋನು, ಊಟಾನೇ ಮಾಡ್ಲಿಲ್ಲ."

ನಾನು ಡಬ್ಬಿ ಕಿತ್ತುಕೊಂಡು ಹಿಟ್ಟಿನ ಚೀಲದ ಮೇಲೆ ಕುಸಿದು ಕೂತೆ. ಅಳು ಬಂತು, ಅತ್ತೆ. ಈ ಮೂವರೂ ನಾನು ಲಸಿಕೆ ಹಾಕಿ ಬೆಳೆಸಿದ ಮಕ್ಕಳು. ಅಜ್ಜನ ಮನೆಯಲ್ಲಿ ಹಳೆಯ ಮಾತ್ರೆ ಇನ್ನೂ ಉಳಿದಿತ್ತು, ದೇವರು ದೊಡ್ಡವನು. ಹಿಂದೆಯೇ ಏದುಸಿರು ಬಿಡುತ್ತಾ ಬಂದ ಅರ್ಗೀರಿಸನಿಗೆ ನಾನು ಏನೇನು ಅಂದೆ ಅನ್ನುವುದನ್ನು ಇಲ್ಲಿ ಬರೆಯುವಂತಿಲ್ಲ. ಅವನು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ.

ಅಂಗಡಿಯಲ್ಲಿ ಇನ್ನೊಬ್ಬಳು ನಿಂತಿದ್ದಳು. ಅಜ್ಜನ ಕೊನೆಯ ಮಗ ಲೆಫ್ತೇರಿಸನ ಹೆಂಡತಿ ನೆಫೇಲಿ, ಥೆಸಲೋನಿಕಿಯವಳು. ಎದೆಗೆ ಕಟ್ಟಿಕೊಂಡ ಜೋಳಿಗೆಯಲ್ಲಿ ಆರು ತಿಂಗಳ ಮಗು. ಜ್ಞಾನಸ್ನಾನ ಆಗುವ ತನಕ ನಮ್ಮಲ್ಲಿ ಮಗುವಿಗೆ ಹೆಸರಿಲ್ಲ, ಎಲ್ಲರೂ "ಬೇಬಿಸ್" ಅಂತ ಕರೆಯುವುದು ವಾಡಿಕೆ. ಬರುವ ಭಾನುವಾರ ಈ ಬೇಬಿಸ್‌ಗೆ ಜ್ಞಾನಸ್ನಾನ. ಐದನೆಯ ಸಿದೇರಿಸ್ ಆಗುತ್ತಾನೆಂದು ಅಜ್ಜ ಆರು ತಿಂಗಳಿಂದ ದಿನ ಎಣಿಸುತ್ತಿದ್ದರು. ಸೊಸೆಗೆ ಆ ಹೆಸರು ಅಷ್ಟಾಗಿ ಹಿಡಿಸಿರಲಿಲ್ಲ, ಆದರೂ ಮಾವನ ಮುಖ ನೋಡಿ ಒಪ್ಪಿಕೊಂಡಿದ್ದಳು.

"ಹಾಗಾದ್ರೆ ನಾಳೆ ನನ್ನ ಮಗೂಗೆ ಮಾವನ ಮಾತ್ರೆ ಬರುತ್ತೆ, ಅಲ್ವಾ?" ಎಂದಳು ನೆಫೇಲಿ. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ನಾಲ್ಕು ಜನರನ್ನ ಒಬ್ಬರು ಅಂದ್ಕೊಂಡ ಮೆಷಿನ್ನು ಐದನೆಯವನನ್ನ ಬಿಡುತ್ತಾ? ಬೇಡ. ಓರ್ಫೆಯಸ್ ಅಂತ ಇಡ್ತೀನಿ. ದ್ವೀಪದಲ್ಲಿ ಇನ್ನೊಬ್ಬ ಓರ್ಫೆಯಸ್ ಇಲ್ಲ."

ಕಷ್ಟ ಏನೆಂದರೆ ಅವಳು ಹೇಳಿದ್ದು ಸರಿಯಾಗಿತ್ತು. ತಾಯಿ ಅಂದಮೇಲೆ ಹಾಗೇ ಹೇಳಬೇಕು. ನಾನೇ ಅವಳಾಗಿದ್ದರೂ ಹಾಗೇ ಹೇಳುತ್ತಿದ್ದೆ.

ಸುದ್ದಿ ಅಜ್ಜನಿಗೆ ಮುಟ್ಟಿತು. ಅಜ್ಜ ಜಗಳವಾಡಲಿಲ್ಲ. ಧುಮುಕುವ ಕಾಗದವನ್ನು ನಾಲ್ಕಾಗಿ ಮಡಚಿ ಬಲೆ ಸಿದೇರಿಸನಿಗೆ ಕೊಟ್ಟು, "ಇದು ನಿಂದಂತೆ" ಎಂದರು. ಅವತ್ತಿನಿಂದ ಕಾಫಿ ಅಂಗಡಿಗೆ ಬರುವುದನ್ನು ನಿಲ್ಲಿಸಿದರು. ಅವರ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಊರಿನವರು ಅರ್ಗೀರಿಸನನ್ನು ಇಂಜಿನಿಯರ್ ಎಂದು ಕರೆಯುವುದನ್ನೂ ಬಿಟ್ಟರು. ತಮಾಷೆಗೂ ಕರೆಯಲಿಲ್ಲ.

ಗಾಯಕ್ಕೆ ಉಪ್ಪು ಹಾಕಿದ ಹಾಗೆ ಇನ್ನೊಂದಿತ್ತು. ಮದುವೆಯಲ್ಲಿ ವಧುವರರ ತಲೆಯ ಮೇಲೆ ಕಿರೀಟ ಬದಲಿಸಿದವನೇ ಅವರ ಮೊದಲ ಮಗುವಿಗೆ ಜ್ಞಾನತಂದೆ ಆಗಬೇಕು, ಮತ್ತು ಚರ್ಚಿನಲ್ಲಿ ಎಲ್ಲರೆದುರು ಮಗುವಿನ ಹೆಸರನ್ನು ಗಟ್ಟಿಯಾಗಿ ಹೇಳುವವನು ಜ್ಞಾನತಂದೆಯೇ. ಲೆಫ್ತೇರಿಸನ ಮದುವೆಯಲ್ಲಿ ಕಿರೀಟ ಬದಲಿಸಿದವನು ಅರ್ಗೀರಿಸ್. ಅಜ್ಜನ ಎದುರು ನಿಂತು "ಓರ್ಫೆಯಸ್" ಅನ್ನಬೇಕಾದವನು ಅವನೇ.

"ನನ್ನ ನಾಲಿಗೆ ಏಳಲ್ಲ ಅಂಥೂಲಕ್ಕ" ಎಂದ ನನ್ನ ಹತ್ತಿರ. ಮೂರು ದಿನ ಊಟ ಸೇರದೆ ಅವನ ಹೊಟ್ಟೆ ಇಳಿದಿತ್ತು. ಅಜ್ಜನ ಮನೆಗೂ ಹೋಗಿದ್ದನಂತೆ. ಅಜ್ಜ ಬಾಗಿಲು ತೆಗೆದು, "ತಾಯಿ ಹೇಳಿದ ಹೆಸರು ಹೇಳು ಮಗಾ. ನಾನು ಯಾಕೆ ಬೇಜಾರು ಮಾಡ್ಕೊಳ್ಲಿ?" ಎಂದು ಒಂದು ತಟ್ಟೆ ಬಾದಾಮಿ ಮುಂದಿಟ್ಟರಂತೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಎಂದು ಅರ್ಗೀರಿಸ್ ಅತ್ತ.

ಗುರುವಾರ ಮಿರ್ತೊ ಮತ್ತೆ ಬಂದಳು. ಈ ಸಲ ನೋಟ್‌ಬುಕ್ ತೆರೆಯಲಿಲ್ಲ. "ನಮ್ಮ ಬಾಸ್ ಹೇಳ್ತಿದಾರೆ, ಪ್ರೋಗ್ರಾಮರ್ ಅಲ್ಲದವರ ಕೈಗೆ ಇದನ್ನ ಕೊಡೋದೇ ಬೇಡ, ಹಿಂದಿನ ಥರಾನೇ ಇರಲಿ ಅಂತ" ಎಂದಳು. ಕಾಯುವ ಕೋಣೆ ತುಂಬಿತ್ತು. ಅರ್ಧ ಜನಕ್ಕೆ ಕಾಯಿಲೆ ಏನೂ ಇರಲಿಲ್ಲ, ನೋಡಲು ಬಂದಿದ್ದರು. ಅಜ್ಜ ಮಾತ್ರ ರಕ್ತದೊತ್ತಡ ನೋಡಿಸಿಕೊಳ್ಳಲು ಬಂದು ಮೂಲೆಯಲ್ಲಿ ಕೂತಿದ್ದರು.

"ಅರ್ಗೀರಿಸ್ ಅವರೇ, ಸಾಫ್ಟ್‌ವೇರ್ ನಿಮಗೆ ಎಚ್ಚರಿಕೆ ಕೊಟ್ಟಿತ್ತು. ಆದರೂ ಯಾಕೆ ಮುಂದುವರಿಸು ಒತ್ತಿದ್ರಿ?"

ಅರ್ಗೀರಿಸ್ ಎದ್ದು ನಿಂತ. ಅವನು ಸಿಟ್ಟಾದದ್ದನ್ನು ನಾನು ನೋಡಿದ್ದು ಅದೇ ಮೊದಲು. "ಅದು ಎಚ್ಚರಿಕೇನಾ ತಾಯಿ? ಅಸ್ಮಿತಾ ಸಮನ್ವಯ ಮಾನದಂಡ! ಐವತ್ತಮೂರು ವರ್ಷದಲ್ಲಿ ಆ ಮಾತನ್ನ ಒಬ್ಬ ಮನುಷ್ಯನ ಬಾಯಲ್ಲಿ ಕೇಳಿಲ್ಲ ನಾನು. ಗೊತ್ತಾಗ್ಲಿಲ್ಲ ಅನ್ನೋಕೆ ನಾಚಿಕೆ ಆಯ್ತು, ಒತ್ತಿದೆ. ತಪ್ಪು ನಂದೇ. ಆದ್ರೆ 'ಅರ್ಗೀರಿಸ್, ನೀನು ನಾಲ್ಕು ಜನರನ್ನ ಒಬ್ಬನನ್ನಾಗಿ ಮಾಡ್ತಿದೀಯ' ಅಂತ ಅದು ನೆಟ್ಟಗೆ ಹೇಳಿದ್ರೆ ನಾನು ಕುರ್ಚಿ ಬಿಟ್ಟು ಎದ್ದು ಓಡ್ತಿದ್ದೆ. ಯಾರು ಬರೆದಿದ್ದು ಅದನ್ನ?"

ಮಿರ್ತೊ ಬ್ಯಾಗನ್ನು ಹೆಗಲಿನಿಂದ ಇಳಿಸಿದಳು. "ನಾನೇ" ಎಂದಳು.

ಆಮೇಲೆ ಅವಳು ಕುರ್ಚಿ ಎಳೆದುಕೊಂಡು ಅರ್ಗೀರಿಸನ ಪಕ್ಕದಲ್ಲಿ ಕೂತಳು. ಹಿಂದೆ ಕೂರಲಿಲ್ಲ. ನೋಟ್‌ಬುಕ್ ತೆರೆದಳು. "ಸರಿ. ಅದು ಏನಂತ ಹೇಳಬೇಕಿತ್ತು? ಹೇಳಿ."

ಹೀಗೆ ಕೇಳಿದರೆ ನಮ್ಮೂರವರು ಸುಮ್ಮನಿರುತ್ತಾರೆಯೇ?

"'ಮಗನೇ, ನಿಂತು ಯೋಚಿಸು' ಅಂತ ಹಾಕಿ" ಎಂದರು ಪಾದ್ರಿಗಳು.

"'ಅರ್ಗೀರಿಸ್, ಮುಟ್ಟಬೇಡ' ಅಂತ ಹಾಕಮ್ಮ, ನಾನು ಮನೇಲಿ ಅಷ್ಟೇ ಹೇಳೋದು" ಎಂದಳು ಅವನ ಹೆಂಡತಿ ಫ್ರೋಸೊ.

"ಮಾತು ಯಾಕೆ? ಜೋರಾಗಿ ಒಂದು ಸೀಟಿ ಹೊಡೀಲಿ" ಎಂದ ಸೀಟಿ ಸಿದೇರಿಸ್.

"ಆ ಹಸಿರನ್ನ ತೆಗೀರಿ ಮೊದಲು" ಎಂದೆ ನಾನು. "ಅಪಾಯದ ಬಟನ್ನಿಗೆ ಯಾರಾದ್ರೂ ಹಸಿರು ಬಳೀತಾರಾ?"

ಮಿರ್ತೊ ಬರೆದುಕೊಳ್ಳುತ್ತಲೇ ಇದ್ದಳು. ಗಲಾಟೆ ಒಂದಿಷ್ಟು ಇಳಿದಾಗ ಮೂಲೆಯಿಂದ ಅಜ್ಜ ಗಂಟಲು ಸರಿಮಾಡಿಕೊಂಡರು. ತೋಳಿಗೆ ಪಟ್ಟಿ ಇನ್ನೂ ಕಟ್ಟಿಯೇ ಇತ್ತು.

"ಯಾರಾದ್ರೂ ಹೊಸಬ ಹಡಗಿಳಿದ್ರೆ ನಾವು ಮೊದಲು ಕೇಳೋದೇನು? 'ನೀನು ಯಾರ ಮಗ?' ಹೆಸರು ಆಮೇಲೆ. ಹೆಸರು ಎಲ್ಲರಿಗೂ ಇರುತ್ತೆ. ಅಷ್ಟು ಕೇಳೋಕೆ ಈ ಪೆಟ್ಟಿಗೇಗೆ ಏನು ಧಾಡಿ?"

ಮಿರ್ತೊ ಪೆನ್ನು ನಿಲ್ಲಿಸಿ ಅಜ್ಜನನ್ನು ನೋಡಿದಳು. ಅರ್ಗೀರಿಸನೂ ನೋಡಿದ. ಆಮೇಲೆ ಇಬ್ಬರೂ ಒಟ್ಟಿಗೆ ಪರದೆಯ ಕಡೆ ಬಾಗಿದರು. ಗಾಳಿ ಎದ್ದು ಹಡಗು ನಿಂತಿತು. ಮಿರ್ತೊ ಶನಿವಾರದ ತನಕ ಇಲ್ಲೇ ಉಳಿದಳು, ಮತ್ತು ಯಾರ ಜೊತೆಯೂ ನಿಶ್ಚಿತಾರ್ಥ ಮಾಡಿಕೊಳ್ಳಲಿಲ್ಲ. ಅವಳು ಸಾಫ್ಟ್‌ವೇರಿನ ಮಾತುಗಳನ್ನು ಹೊಸದಾಗಿ ಬರೆಯುತ್ತಿದ್ದಳು, ಇವನು ಓದಿ "ಗೊತ್ತಾಗ್ಲಿಲ್ಲ" ಅನ್ನುತ್ತಿದ್ದ. ಆ ಎರಡು ದಿನದಲ್ಲಿ ಅರ್ಗೀರಿಸ್ ಆ ಮಾತನ್ನು ಇನ್ನೂರು ಸಲವಾದರೂ ಹೇಳಿರಬೇಕು, ಒಂದು ಸಲವೂ ನಾಚಿಕೊಳ್ಳಲಿಲ್ಲ. ಅವನು ಗೊತ್ತಾಗಲಿಲ್ಲ ಅಂದಾಗಲೆಲ್ಲ ಅವಳು ಅಳಿಸಿ ಮತ್ತೆ ಬರೆದಳು.

ಶನಿವಾರ ಮಧ್ಯಾಹ್ನ ನೆಫೇಲಿಯನ್ನು ಕರೆದು ಕೂರಿಸಿದರು. ಅರ್ಗೀರಿಸ್ ಅವಳ ಎದುರು ಬೇಕಂತಲೇ ಅದೇ ಹಳೆಯ ತಪ್ಪು ಮಾಡಿದ. ಪರದೆ ಕೆಂಪಾಯಿತು. ದೊಡ್ಡ ಅಕ್ಷರದಲ್ಲಿ ಮಾತು ಬಂತು: "ನಿಲ್ಲಿ. ಇವರಿಬ್ಬರೂ ಒಬ್ಬರೇನಾ? ಯಾರ ಮಗ ಅಂತ ನೋಡಿ. ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಕೇಳಿ." ಕೆಳಗೆ ಮೂರು ಬಟನ್: ಹೌದು, ಅಲ್ಲ, ಗೊತ್ತಿಲ್ಲ. ಮೂರೂ ಒಂದೇ ಬಣ್ಣ. ಗೊತ್ತಿಲ್ಲ ಎಂದು ಒತ್ತಿದರೆ ವರದಿ ಮುಂದೆ ಹೋಗದೆ ಅಲ್ಲೇ ಕಾಯುತ್ತಿತ್ತು.

ನಾಲ್ವರು ಸಿದೇರಿಸ್ ಪರದೆಯ ಮೇಲೆ ನಾಲ್ಕು ಸಾಲಾಗಿ ಬಂದರು. ಪ್ರತಿಯೊಬ್ಬನ ಪಕ್ಕದಲ್ಲಿ ಅಪ್ಪನ ಹೆಸರು, ಹುಟ್ಟಿದ ದಿನ, ಅರ್ಗೀರಿಸ್ ಬೈದುಕೊಂಡೇ ಎಳೆದ ನಂಬರಿನ ಗೆರೆ. ಗೆರೆಗೆ ಗೆರೆ ಸುತ್ತಿಕೊಂಡು ಪರದೆ ಬಹಳ ಅಸಹ್ಯವಾಗಿ ಕಾಣುತ್ತಿತ್ತು. ನೆಫೇಲಿ ಒಂದು ಗಂಟೆ ಕೂತು ಹಿಂದುಮುಂದಾಗಿ ಪ್ರಶ್ನೆ ಕೇಳಿ, ತಾನೇ ಎರಡು ಸಲ ಒತ್ತಿ ನೋಡಿ, ಮಗುವನ್ನು ಎತ್ತಿಕೊಂಡು ಏನೂ ಹೇಳದೆ ಹೊರಟುಹೋದಳು.

ಭಾನುವಾರ ಚರ್ಚು ತುಂಬಿತ್ತು. ಅಜ್ಜ ಮುಂದಿನ ಸಾಲಿನಲ್ಲಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನೆಲ ನೋಡುತ್ತಾ ಕೂತಿದ್ದರು. ಬಾಗಿಲಲ್ಲಿ ನೆಫೇಲಿ ಮಗುವನ್ನು ಅರ್ಗೀರಿಸನ ಕೈಗೆ ಕೊಡುತ್ತಾ ಅವನ ಕಿವಿಯಲ್ಲಿ ಏನೋ ಹೇಳಿದಳು. ಅವನ ಮುಖ ನೋಡಿ ಒಳ್ಳೆಯದೋ ಕೆಟ್ಟದೋ ಹೇಳುವಂತಿರಲಿಲ್ಲ. ಬಾಯಿ ತೆರೆದಿತ್ತು, ಅದು ಯಾವಾಗಲೂ ತೆರೆದೇ ಇರುತ್ತದೆ.

"ಮಗುವಿನ ಹೆಸರೇನು?" ಎಂದರು ಪಾದ್ರಿಗಳು.

ಅರ್ಗೀರಿಸ್ ಮಗುವನ್ನು ಗಟ್ಟಿಯಾಗಿ ಹಿಡಿದುಕೊಂಡ. ಬೆವರು ಹರಿಯುತ್ತಿತ್ತು. "ಹೆಸರು, ಸಿದೇರಿಸ್!" ಎಂದು ಕೂಗಿದ. ಇಡೀ ಚರ್ಚು ಉಸಿರು ಬಿಟ್ಟಿತು. ಆದರೆ ಅವನು ನಿಲ್ಲಿಸಲಿಲ್ಲ. "ಮನೆತನ, ಕಾರಾವಾಸ್! ತಂದೆಯ ಹೆಸರು, ಲೆಫ್ತೇರಿಸ್! ಹುಟ್ಟಿದ ದಿನ, ಸೆಪ್ಟೆಂಬರ್ ಹದಿನಾಲ್ಕು! ನಂಬರು, ಒಂದು, ನಾಲ್ಕು, ಸೊನ್ನೆ, ಒಂಬತ್ತು..."

"ಸಾಕಪ್ಪಾ" ಎಂದರು ಪಾದ್ರಿಗಳು ಅವನ ಭುಜ ಹಿಡಿದು. "ದೇವರಿಗೆ ಇಷ್ಟು ಸಾಕು."

ಅಜ್ಜನ ಭುಜ ಅಲುಗುತ್ತಿತ್ತು. ನಗುತ್ತಿದ್ದಾರೆ ಅಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ನಗುವೂ ಇತ್ತು, ಅಳುವೂ ಇತ್ತು. ನನ್ನ ಕರವಸ್ತ್ರ ಕೊಟ್ಟೆ, ಅದು ನನಗೆ ಇನ್ನೂ ವಾಪಸು ಬಂದಿಲ್ಲ.

ಹತ್ತು ದಿನ ಬಿಟ್ಟು ಮಗುವನ್ನು ಲಸಿಕೆಗೆ ಕರೆತಂದರು. ಎತ್ತಿಕೊಂಡು ಬಂದದ್ದು ಅಜ್ಜನೇ, ಬೇರೆಯವರಿಗೆ ಕೊಡಲು ತಯಾರಿರಲಿಲ್ಲ. ಅರ್ಗೀರಿಸ್ ಕಂಪ್ಯೂಟರಿನಲ್ಲಿ ಹೆಸರು ಹೊಡೆದ. ಪರದೆ ಕೆಂಪಾಯಿತು. ಅವನು ಎದ್ದು ನಿಂತು, ಕನ್ನಡಕ ಸರಿಮಾಡಿಕೊಂಡು, ಕಾಯುವ ಕೋಣೆಗೆಲ್ಲ ಕೇಳುವಂತೆ ಓದಿದ.

"'ನಿಲ್ಲಿ. ಸಿದೇರಿಸ್ ಕಾರಾವಾಸ್, ಎಂಬತ್ತನಾಲ್ಕು ವರ್ಷ. ಸಿದೇರಿಸ್ ಕಾರಾವಾಸ್, ಆರು ತಿಂಗಳು. ಇವರಿಬ್ಬರೂ ಒಬ್ಬರೇನಾ?' ಏನಂತ ಒತ್ಲಿ ಅಜ್ಜ?"

ಅಜ್ಜ ತೊಡೆಯ ಮೇಲಿದ್ದ ಮಗುವಿನ ಮುಖವನ್ನು ಬಹಳ ಹೊತ್ತು ನೋಡಿದರು. ಮಗುವೂ ಅವರನ್ನು ನೋಡಿತು. ಇಬ್ಬರ ಬಾಯಲ್ಲೂ ಒಂದೂ ಹಲ್ಲಿರಲಿಲ್ಲ.

"ಸದ್ಯಕ್ಕೆ ಅಲ್ಲ ಅಂತ ಒತ್ತು ಮಗಾ" ಎಂದರು.